ಜನವರಿ ಕೊನೆಯಲ್ಲಿ ಕೇದಾರಕಂಠ: ಹಿಮ ಹೇಗಿರುತ್ತೆ, ಯಾವ ಶೂ ಬೇಕು, ಕುಮಾರ ಪರ್ವತ ಹತ್ತಿದ ಅನುಭವ ಸಾಕಾ?

ಕಾಲಿನ ಶಕ್ತಿಯ ಮಟ್ಟಿಗೆ ಕುಮಾರ ಪರ್ವತ ಧಾರಾಳ ಸಾಕು. ಕುಕ್ಕೆಯಿಂದ ಅಲ್ಲಿಗೆ ಸುಮಾರು 1,500 ಮೀಟರ್ ಏರುತ್ತೀರಿ. ಉತ್ತರಾಖಂಡದ ಹಿಮಾಲಯದಲ್ಲಿರುವ ಕೇದಾರಕಂಠದಲ್ಲಿ ಶಿಖರದ ದಿನ ಏರುವುದು 400 ಮೀಟರ್ ಚಿಲ್ಲರೆ ಅಷ್ಟೇ. ಪಶ್ಚಿಮ ಘಟ್ಟದಲ್ಲಿ ಕಲಿಯಲಾಗದ್ದು ಗಟ್ಟಿ ಹಿಮದ ಮೇಲೆ ಇಳಿಯುವುದು. ಹಿಮದಲ್ಲಿ ಕೈ-ಕಾಲು ಮುರಿದುಕೊಳ್ಳುವವರು ಹೆಚ್ಚಾಗಿ ಹತ್ತುವಾಗ ಬೀಳುವುದಿಲ್ಲ, ಇಳಿಯುವಾಗ ಬೀಳುತ್ತಾರೆ.

ಹಿಮ ಹೇಗಿರುತ್ತೆ ಅಂದರೆ ಮೊದಲು ಬರುವ ಪ್ರಶ್ನೆ ಎಷ್ಟು ಅಡಿ ಅನ್ನುವುದು. ಅದು ಆ ವಾರ ಪಶ್ಚಿಮದ ಮಾರುತಗಳು ಎಷ್ಟು ಸುರಿಸಿದವು ಅನ್ನುವುದರ ಮೇಲೆ ನಿಂತಿದೆ. ಮೊಣಕಾಲಿನವರೆಗೂ ಇರಬಹುದು, ಸೊಂಟದವರೆಗೂ ಇರಬಹುದು. ನಿಮ್ಮ ಕಾಲಿಗೆ ಸಂಬಂಧಪಡುವುದು ಅದರ ಗಡಸುತನ. ಚಾರಣ ಶುರುವಾಗುವ ಸಾಂಕ್ರಿ ಹಳ್ಳಿ (ಸುಮಾರು 1,950 ಮೀ.) ಶಿಖರದ ಉತ್ತರಕ್ಕಿದೆ, ಹಾಗಾಗಿ ದಾರಿಯಲ್ಲಿ ಶಿಬಿರ ಹಾಕುವ ಕೆರೆ ಜೂಡಾ ಕಾ ತಾಲಾಬ್ ಕಡೆಯ ದಾರಿ ಹೆಚ್ಚಾಗಿ ಬಿಸಿಲು ಕಡಿಮೆ ಬೀಳುವ ಇಳಿಜಾರಿನಲ್ಲಿ, ಕಾಡಿನ ನೆರಳಿನಲ್ಲಿ ಸಾಗುತ್ತದೆ. ದಿನವೂ ನೂರಾರು ಜನ ತುಳಿದು ಅಲ್ಲಿನ ಹಿಮ ಒತ್ತಿಕೊಂಡು, ರಾತ್ರಿ ಗಟ್ಟಿ ಮಂಜುಗಡ್ಡೆಯಾಗುತ್ತದೆ. ಮಧ್ಯಾಹ್ನವಾದರೂ ಮೆತ್ತಗಾಗುವುದಿಲ್ಲ. ಕಾಡು ಮುಗಿದು ಬಯಲು ಶುರುವಾದ ಮೇಲೆ ಲೆಕ್ಕವೇ ಬೇರೆ: ಬೆಳಗಿನ ಜಾವ ಗಟ್ಟಿ, ಬಿಸಿಲೇರಿದಂತೆ ಮೇಲಿನ ಎರಡು-ಮೂರು ಸೆಂಟಿಮೀಟರ್ ಮಾತ್ರ ಸಡಿಲ, ಆಮೇಲೆ ಕಾಲು ಹೂತುಹೋಗುವ ರಾಡಿ. ಇಳಿಯಲು ಹೇಳಿ ಮಾಡಿಸಿದ್ದು ಆ ನಡುವಿನ ಹೊತ್ತು. ಬೆಳಗಿನ ಜಾವ ಮೂರು-ನಾಲ್ಕಕ್ಕೇ ಶಿಬಿರ ಬಿಡಿಸುವುದು ಸೂರ್ಯೋದಯದ ಫೋಟೋಗೆ ಅಂತ ಬಹಳ ಜನ ತಿಳಿದಿದ್ದಾರೆ. ಈ ಹೊತ್ತಿನ ಲೆಕ್ಕವೂ ಅದರಲ್ಲಿದೆ.

ಹಿಮಕುಸಿತದ ಬಗ್ಗೆಯೂ ಹೇಳಬೇಕು. ಡಿಸೆಂಬರ್‌ನಲ್ಲಿ ಬಿದ್ದ ತೆಳು ಹಿಮದ ಬುಡ ಸೊನ್ನೆ ಡಿಗ್ರಿಯ ಹತ್ತಿರ ಇರುತ್ತದೆ, ಮೇಲ್ಮೈ ಶುಭ್ರ ರಾತ್ರಿಗಳಲ್ಲಿ ಬಹಳ ತಣ್ಣಗಾಗುತ್ತದೆ. ಈ ವ್ಯತ್ಯಾಸಕ್ಕೆ ಬುಡದ ನೀರಾವಿ ಮೇಲೇರಿ, ಕೆಳಗಿನ ಪದರ ಒಂದಕ್ಕೊಂದು ಅಂಟದ ಸಕ್ಕರೆ ಹರಳಿನಂತಾಗುತ್ತದೆ. ಜನವರಿಯ ಭಾರಿ ಹಿಮ ಬಂದು ಕೂರುವುದು ಅದರ ಮೇಲೆ. 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಇಂಥ ಹೊರೆ ಒಟ್ಟಾಗಿ ಜಾರಬಹುದು. ಫೋನಿನ ಮಟ್ಟ ಅಳೆಯುವ ಆ್ಯಪ್‌ನಲ್ಲಿ ಇಳಿಜಾರಿನ ಕೋನ ನೋಡಬಹುದು. ಊರುಗೋಲನ್ನು ನಿಧಾನವಾಗಿ ಒತ್ತಿ: ಮೇಲೆ ಬಿಗಿಯಾಗಿದ್ದು, ಕೆಳಗೆ ತಟ್ಟನೆ ಟೊಳ್ಳಿಗೆ ಇಳಿದರೆ ಆ ಪದರ ಅಲ್ಲಿದೆ. ಕಾಲಿಟ್ಟಾಗ ಸುತ್ತಲಿನ ಹಿಮ 'ಧುಮ್' ಎಂದು ಕುಸಿದರೆ ಪರೀಕ್ಷೆ ಬೇಕಿಲ್ಲ, ಹಿಂದಿರುಗಿ. ಭಾರಿ ಹಿಮಪಾತ ನಿಂತ ಮೇಲೆ ಕನಿಷ್ಠ ಒಂದೆರಡು ದಿನ ಕಡಿದಾದ ಜಾಗ ಬೇಡ. ಕೊನೆಯ ಏರಿನಲ್ಲಿ ಕೊರಕಲು ಬಿಟ್ಟು ಏಣಿನ ಮೇಲೇ ನಡೆಯಿರಿ. ತುದಿಯಲ್ಲಿ ಫೋಟೋಗೆಂದು ಅಂಚಿಗೆ ಹೋಗಬೇಡಿ; ಗಾಳಿ ಕಟ್ಟಿದ ಹಿಮದ ಚಾಚಿನ ಕೆಳಗೆ ನೆಲವೇ ಇರದಿರಬಹುದು. ಸ್ವರ್ಗಾರೋಹಿಣಿ, ಬಂದರ್‌ಪೂಂಛ್ ಶಿಖರಗಳೆರಡೂ ನಾಲ್ಕು ಹೆಜ್ಜೆ ಹಿಂದೆ ನಿಂತರೂ ಕಾಣುತ್ತವೆ.

ಶೂ: ಪಾದದ ಗಂಟು ಮುಚ್ಚುವ, ನೀರು ಇಳಿಯದ ಟ್ರೆಕ್ಕಿಂಗ್ ಶೂ, ಅಳತೆಗಿಂತ ಅರ್ಧ ಸೈಜ್ ದೊಡ್ಡದು. ಎರಡು ಜೊತೆ ಸಾಕ್ಸ್ ಹಾಕಿ ಬಿಗಿಯಾದರೆ ರಕ್ತ ಓಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತವೆ. ಇದಕ್ಕೆ ಮೈಕ್ರೋಸ್ಪೈಕ್ಸ್ (ಶೂ ಮೇಲೆ ತೊಡುವ ಚಿಕ್ಕ ಹಲ್ಲಿನ ಸರಪಳಿ) ಹೊಂದುತ್ತದೆ. ಉದ್ದ ಹಲ್ಲಿನ ಕ್ರ್ಯಾಂಪಾನ್‌ಗೆ ಬಾಗದ ಅಡಿ ಬೇಕು. ಹಸಿ ಹಿಮ ಹಲ್ಲುಗಳ ನಡುವೆ ಉಂಡೆಗಟ್ಟಿದರೆ ಹಿಡಿತ ಹೋಗುತ್ತದೆ, ಆಗಾಗ ಕೋಲಿನಿಂದ ತಟ್ಟಿ ಉದುರಿಸಿ. ಸ್ಪೈಕ್ಸ್ ಹಾಕಿಕೊಂಡು ಕೂತು ಜಾರುವ ಆಟ ಮಾತ್ರ ಖಂಡಿತ ಬೇಡ: ಹಲ್ಲು ಕಚ್ಚಿಕೊಂಡು ಪಾದ ನಿಲ್ಲುತ್ತದೆ, ದೇಹ ನಿಲ್ಲುವುದಿಲ್ಲ, ಗಂಟು ಮುರಿಯುತ್ತದೆ. ಮೆತ್ತಗಿನ ಹಿಮದಲ್ಲಿ ಹಿಮ್ಮಡಿ ಊರಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಭಾರ ಮುಂದಕ್ಕಿಟ್ಟು ಇಳಿಯಿರಿ. ಹೆದರಿ ಹಿಂದಕ್ಕೆ ವಾಲಿದರೆ ಜಾರುತ್ತೀರಿ.

ಕೊಳವೆಯಿಂದ ಹೀರುವ ನೀರಿನ ಚೀಲ ಪ್ರಯೋಜನವಿಲ್ಲ, ಕೊಳವೆ ಹೆಪ್ಪುಗಟ್ಟುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ಇಡಿ. ಹೆಪ್ಪುಗಟ್ಟುವುದು ಮೇಲಿನಿಂದ, ಮುಚ್ಚಳದ ಬಳಿ ನೀರು ಉಳಿಯುತ್ತದೆ. ಕಪ್ಪು ಕನ್ನಡಕ ಮರೆಯಬೇಡಿ, ಹಿಮದ ಬೆಳಕಿಗೆ ಸುಟ್ಟ ಕಣ್ಣಿನ ಉರಿ ಗೊತ್ತಾಗುವುದು ಗಂಟೆಗಳ ನಂತರ.

ಶಿಖರ 3,810 ಮೀಟರ್. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು ಅನ್ನುವುದು ರೂಢಿ. ಜೂಡಾ ಕಾ ತಾಲಾಬ್‌ನಿಂದ (ಸುಮಾರು 2,750) ಮೇಲಿನ ಶಿಬಿರಕ್ಕೆ (ಸುಮಾರು 3,400) ಒಂದೇ ದಿನದಲ್ಲಿ ಅದಕ್ಕಿಂತ ಜಾಸ್ತಿ ಏರುತ್ತೀರಿ. ಹಾಗಾಗಿ ಎತ್ತರದ ಕಾಯಿಲೆಯ ಲಕ್ಷಣ ಗಮನಿಸಿ: ತಲೆನೋವಿನ ಜೊತೆ ವಾಂತಿ ಬಂದರೆ ಮೇಲೆ ಹೋಗಬೇಡಿ. ನಡಿಗೆ ತೂರಾಡಿದರೆ ರಾತ್ರಿಯಾದರೂ ಕೆಳಗಿಳಿಸಬೇಕು. ಅದನ್ನು ತಡೆಯುವ ಮಾತ್ರೆ ಡಯಾಮಾಕ್ಸ್ ಬೇಕೆನಿಸಿದರೆ ಊರಲ್ಲೇ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ.

2024ರ ಜೂನ್‌ನಲ್ಲಿ ಉತ್ತರಾಖಂಡದ್ದೇ ಸಹಸ್ರತಾಲ್‌ ಚಾರಣದಲ್ಲಿ ಹಿಮಗಾಳಿಗೆ ಸಿಕ್ಕಿ ಕರ್ನಾಟಕದಿಂದ ಹೋದ ತಂಡದ 9 ಮಂದಿ ತೀರಿಕೊಂಡರು. ಜೂನ್‌ನಲ್ಲೇ ಹಾಗಾದರೆ ಜನವರಿಯಲ್ಲಿ ಗಾಳಿಯನ್ನು ಇನ್ನೆಷ್ಟು ಗಂಭೀರವಾಗಿ ನೋಡಬೇಕು ಯೋಚಿಸಿ. ಶಿಬಿರದಲ್ಲೇ ಟೆಂಟ್ ಹಾರುವಷ್ಟು ಗಾಳಿ ಇದ್ದರೆ ಬಯಲಿನ ಮೇಲೆ ಹೆಜ್ಜೆ ಇಡಬೇಡಿ.

ವಾಪಸ್ ವಿಮಾನಕ್ಕೆ ಒಂದು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ಡೆಹ್ರಾಡೂನ್‌ನಿಂದ ಸಾಂಕ್ರಿಗೆ ಸುಮಾರು 200 ಕಿ.ಮೀ., ಎಂಟು-ಹತ್ತು ಗಂಟೆಯ ಘಾಟಿ ರಸ್ತೆ, ಹಿಮ ಬಿದ್ದರೆ ಇನ್ನೂ ತಡ. ನಗದನ್ನು ದಾರಿಯ ಪುರೋಲಾದಲ್ಲೇ ತೆಗೆದುಕೊಂಡುಬಿಡಿ.