ಆಟಕ್ಕೆ ಹೋಗು ಅಂದ್ರೆ ಅಳುವ ಹುಡುಗ

ಒಂಬತ್ತು ವರ್ಷದ ಹುಡುಗ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಮಕ್ಕಳ ಡಾಕ್ಟರು ಎತ್ತರ, ತೂಕ ನೋಡಿ ಬೊಜ್ಜು ಎಂದಿದ್ದರು, ಥೈರಾಯ್ಡ್ ತೊಂದರೆ ಇಲ್ಲವೆಂದೂ ಹೇಳಿದ್ದರು. ಅಮ್ಮನ ದೂರು ಬೇರೆಯೇ ಇತ್ತು. "ಮೇಡಂ, ಇವನಿಗೆ ಬರೀ ಮೈಗಳ್ಳತನ. ಆಟಕ್ಕೆ ಹೋಗು ಅಂದ್ರೆ ಅಳ್ತಾನೆ."

ಅವನ ಇಡೀ ದಿನದ ಬಗ್ಗೆ ಕೇಳುತ್ತಾ ಹೋದೆ. ಶರ್ಟಿನ ಗುಂಡಿ ಅಮ್ಮನೇ ಹಾಕಬೇಕು, ಶೂ ಲೇಸ್ ಅಪ್ಪ ಕಟ್ಟಬೇಕು, ಸೈಕಲ್ ಇನ್ನೂ ಬರಲ್ಲ, ಎಸೆದ ಚೆಂಡು ಕೈಗೆ ಸಿಗಲ್ಲ, ಹಾಗಾಗಿ ಆಟದ ಪೀರಿಯಡ್‌ನಲ್ಲಿ ಅವನನ್ನು ಯಾರೂ ತಂಡಕ್ಕೆ ಕರೆಯಲ್ಲ, ಕರೆದರೂ ನಗುತ್ತಾರೆ. ಇಷ್ಟು ಕೇಳಿದ ಮೇಲೆ ಮೈಗಳ್ಳತನ ಅನ್ನೋಕೆ ನನಗೆ ಮನಸ್ಸೇ ಬರಲಿಲ್ಲ. ಕೈಕಾಲು ಹೊಂದಿಸಿಕೊಳ್ಳುವುದು ಕಷ್ಟವಿರುವ ಮಕ್ಕಳು ಆಟದಿಂದ ದೂರ ಉಳಿಯುತ್ತಾರೆ, ಓಡಾಟ ಕಡಿಮೆಯಾಗಿ ತೂಕ ಏರುತ್ತದೆ, ತೂಕ ಏರಿದಷ್ಟೂ ಆಟ ಇನ್ನೂ ಕಷ್ಟ.

ಆಕ್ಯುಪೇಶನಲ್ ಥೆರಪಿಸ್ಟ್ ಹತ್ತಿರ ಕಳಿಸಿದೆ. "ಅವರು ಡಯಟ್ ಚಾರ್ಟ್ ಕೊಡ್ತಾರಾ?" ಎಂದರು ಅಮ್ಮ. ಅದು ಡಯಟಿಷಿಯನ್ ಕೆಲಸ. ಮಗು ತನ್ನ ದಿನದ ಕೆಲಸ, ಆಟ, ನಿದ್ದೆಯಲ್ಲಿ ಎಲ್ಲಿ ತಡವರಿಸುತ್ತಿದೆ ಅಂತ ಆಕ್ಯುಪೇಶನಲ್ ಥೆರಪಿಸ್ಟ್ ನೋಡುತ್ತಾರೆ. ಏನು ಕಲಿಬೇಕು ಅಂತ ಅವನನ್ನೇ ಕೇಳಿದರು, ಸೈಕಲ್ ಅಂದ. ಪೆಡಲ್ ಬಿಚ್ಚಿ, ಸೀಟು ತಗ್ಗಿಸಿ, ಮೊದಲು ನೆಲಕ್ಕೆ ಕಾಲು ಕೊಟ್ಟು ತಳ್ಳುತ್ತಾ ಬ್ಯಾಲೆನ್ಸ್ ಕಲಿಸಿದರು. ದೊಡ್ಡ ಮೆತ್ತನೆ ಚೆಂಡನ್ನು ಹತ್ತಿರದಿಂದ ಎಸೆದು, ಹಿಡಿಯೋಕೆ ಬಂದ ಮೇಲೆ ದೂರ ಹೆಚ್ಚಿಸಿದರು. ಲೇಸ್ ಕಟ್ಟುವುದನ್ನೂ ಹೀಗೇ ಒಂದೊಂದು ಹೆಜ್ಜೆಯಾಗಿ ಬಿಡಿಸಿ ಹೇಳಿಕೊಟ್ಟರು.

ಮನೆಯವರಿಗೆ ನಾನು ಹೇಳಿದ್ದು: ಅವನೆದುರು ತೂಕದ ಮಾತು ಬೇಡ, ನೆಂಟರು ಎತ್ತಿದರೂ ನೀವೇ ತಡೆಯಿರಿ. ಬೈದು, ಹಂಗಿಸಿ ಯಾವ ಮಗುವಿನ ತೂಕವೂ ಇಳಿಯಲ್ಲ, ಮುಚ್ಚಿಟ್ಟು ತಿನ್ನುವುದು ಜಾಸ್ತಿ ಆಗಬಹುದು ಅಷ್ಟೇ. ತಿಂಡಿಯನ್ನು ಬಹುಮಾನ ಮಾಡಬೇಡಿ. ಈ ವಯಸ್ಸಿಗೆ ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ದಣಿಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಆದರೆ ಅದು ಒಂದೇ ಸಲ ಆಗಬೇಕಿಲ್ಲ, ಹತ್ತು ಹತ್ತು ನಿಮಿಷವೂ ಸೇರುತ್ತದೆ. ನಿದ್ದೆ 9ರಿಂದ 11 ಗಂಟೆ ಬೇಕು, ಮೊಬೈಲ್ ಮಲಗುವ ಕೋಣೆಯ ಹೊರಗಿರಲಿ. ಶಾಲೆಯಲ್ಲಿ ತಂಡಗಳನ್ನು ಮಕ್ಕಳ ಬದಲು ಟೀಚರೇ ಮಾಡಲಿ ಅಂತ ಕೇಳಿಕೊಳ್ಳಿ.

"ತೂಕ ಇಳಿದೇ ಇಲ್ವಲ್ಲ ಮೇಡಂ" ಅಂತ ಮೊನ್ನೆ ಅಪ್ಪ ಬೇಜಾರು ಮಾಡಿಕೊಂಡರು. ಬೆಳೆಯುವ ಮಗುವಿಗೆ ತೂಕ ಹಾಗೇ ನಿಂತು ಎತ್ತರ ಏರಿದರೂ ಬಿಎಂಐ, ಅಂದ್ರೆ ಎತ್ತರಕ್ಕೆ ತೂಕ ಎಷ್ಟಿದೆ ಅನ್ನುವ ಲೆಕ್ಕ, ಇಳಿಯುತ್ತದೆ. ವಾರ ವಾರ ಮನೆಯಲ್ಲಿ ತೂಕ ನೋಡಬೇಡಿ, ಅದನ್ನು ಡಾಕ್ಟರು ಕರೆದಾಗ ಅಲ್ಲೇ ನೋಡಲಿ ಎಂದೆ.