ಅಪ್ಪಾರಿಗೆ ಪ್ರೋಸ್ಟೇಟ್ ಆಪರೇಷನ್: ಟಿಯುಆರ್‌ಪಿ ಮಾಡಿಸ್ಬೇಕೋ ಲೇಸರೋ?

ಕಲಬುರಗಿಯಾಗ ಯುರಾಲಜಿ ವಾರ್ಡಿನ ಬ್ರದರ್ ಅದೀನ್ರಿ, ಡಾಕ್ಟರ್ ಅಲ್ಲ, ಅಷ್ಟು ತಿಳ್ಕೊಂಡು ಓದ್ರಿ. ನಿಮ್ಮ ಅಪ್ಪಾರಿಗೆ 72 ವಯಸ್ಸು, ಮೂತ್ರಚೀಲದ ಕೆಳಗಿನ ಪ್ರೋಸ್ಟೇಟ್ ಗ್ರಂಥಿ ದೊಡ್ಡದಾಗಿ ಏಕಿ ಪೂರಾ ಬಂದಾಗಿ ಪೈಪ್ ಹಾಕ್ಯಾರ, ಗುಳಿಗಿ ಕೊಟ್ಟು ಪೈಪ್ ತೆಗೆದ್ರೂ ಮತ್ತ ಬಂದಾಯ್ತು, ಈಗ ಒಬ್ರು ಟಿಯುಆರ್‌ಪಿ (ಕರೆಂಟಿನ ತಂತಿಯಿಂದ ಪ್ರೋಸ್ಟೇಟ್ ಕೆರೆದು ತೆಗೆಯೋದು) ಅಂತಾರ ಇನ್ನೊಬ್ರು ಲೇಸರ್ ಅಂತಾರ ಅಂತ ಕೇಳೀರಿ. ಮೊದ್ಲು ಸ್ಕ್ಯಾನಿಂಗ್ ರಿಪೋರ್ಟ್ ತೆಗೀರಿ, ಪ್ರೋಸ್ಟೇಟ್ ಎಷ್ಟು ಗ್ರಾಂ ಅಥವಾ ಸಿಸಿ ಅಂತ ಬರ್ದಿರ್ತಾರ. ಸುಮಾರು 80ರ ಒಳಗಿದ್ರ ಟಿಯುಆರ್‌ಪಿ ಸಾಕು. ಅದಕ್ಕಿಂತ ದೊಡ್ಡದಿದ್ರ, ಇಲ್ಲಾ ಹಾರ್ಟಿಗೆ ರಕ್ತ ತೆಳ್ಳಗ ಮಾಡೋ ಗುಳಿಗಿ ನಡೆದಿದ್ರ, ಹೋಲೆಪ್ ಅನ್ನೋ ಲೇಸರ್ ಚಲೋ, ರಕ್ತ ಕಡಿಮಿ ಹೋಗ್ತದ. ಆದ್ರ ಅದಕ್ಕ ಪಳಗಿದ ಕೈ ಬೇಕು. ವರ್ಷಕ್ಕ ನಾಕು ಲೇಸರ್ ಮಾಡೋರಿಗಿಂತ ವಾರಾ ವಾರಾ ಟಿಯುಆರ್‌ಪಿ ಮಾಡೋರ ಕಡಿ ನಾ ಆದ್ರ ನಮ್ಮಪ್ಪನ್ನ ಕರ್ಕೊಂಡು ಹೋಗ್ತೀನಿ.

ಲೇಸರ್ ಅಂದ್ರ ಕೊಯ್ಯಂಗಿಲ್ಲ, ಟಿಯುಆರ್‌ಪಿ ಅಂದ್ರ ಹೊಟ್ಟಿ ಕೊಯ್ತಾರ ಅಂತ ಭಾಳ ಮಂದಿ ತಿಳ್ಕೊಂಡಾರ. ಎರಡೂ ಏಕಿ ದಾರಿಯಿಂದ್ಲೇ ಮಾಡೋ ದುರ್ಬೀನ್ ಆಪರೇಷನ್ರಿ, ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗ ಜೋಮು ಹಿಡಿಸ್ತಾರ. ಟಿಯುಆರ್‌ಪಿ ಆದ್ರ ಮಷೀನ್ ಬೈಪೋಲಾರ್ ಅದನೋ ಕೇಳ್ರಿ, ಅದಕ್ಕ ಸಲೈನ್ ಹರಿಸ್ತಾರ, ಹಳೇ ಮೋನೋಪೋಲಾರಿಗೆ ಗ್ಲೈಸಿನ್ ನೀರು, ಅದು ಮೈಯಾಗ ಜಾಸ್ತಿ ಸೇರಿದ್ರ ಸೋಡಿಯಂ ಇಳಿದು ಪೇಷಂಟ್ ಏನೇನೋ ಬಡಬಡಸ್ತಾರ.

ಆಪರೇಷನ್ ಆದ ರಾತ್ರಿ ಮೂರು ಬಾಯಿ ಪೈಪಿನಾಗ ಮ್ಯಾಲಿಂದ ಸಲೈನ್ ಹರೀತಿರ್ತದ, ಕೆಳಗ ಚೀಲದಾಗ ಗುಲಾಬಿ ನೀರು ತುಂಬ್ತಿರ್ತದ, ಮನಿಯವ್ರು ರಕ್ತ ರಕ್ತ ಅಂತ ಓಡಿ ಬರ್ತಾರ. ಗುಲಾಬಿ ಇದ್ರ ಹೆದರಬ್ಯಾಡ್ರಿ. ಚೀಲಕ್ಕ ನೀರು ಬೀಳೋದು ನಿಂತು ಕೆಳಹೊಟ್ಟಿ ಉಬ್ಬಿದ್ರ ಮಾತ್ರ ಒಂದ್ ಕ್ಷಣ ಕಾಯದೇ ಕರೀರಿ, ಒಳಗ ರಕ್ತ ಹೆಪ್ಪುಗಟ್ಟಿ ಪೈಪ್ ಜಾಮ್ ಆಗಿರ್ತದ.

ಮನಿಗಿ ಹೋಗಿ ಹತ್ತು-ಹದಿನೈದು ದಿನಕ್ಕ ಏಕಿಯಾಗ ಒಮ್ಮೆ ಮತ್ತ ಕೆಂಪು ಕಾಣಬಹುದು, ಒಳಗಿನ ಹೊಪ್ಪಳಿ ಉದುರೋ ಟೈಮ್ ಅದು. ನೀರು ಕುಡಿಸ್ರಿ, ನಮ್ ಬಿಸಿಲು ಗೊತ್ತಲ್ಲ. ಒಂದು ತಿಂಗಳು ಭಾರ ಎತ್ತೋದು, ಬೈಕು, ಸಂಡಾಸಕ್ಕ ಮುಕ್ಕರಿಯೋದು ಬ್ಯಾಡ.

ಇನ್ನೊಂದು, ಮಗ ಚಾ ಕುಡಿಯಾಕ ಹೊರಗ ಹೋದ ಮ್ಯಾಲೆ ಮುತ್ಯಾಗೋಳು ನಮ್ ಕಿವಿಯಾಗ ಕೇಳೋದು: ಸಂಸಾರಕ್ಕ ತ್ರಾಸ್ ಆಗ್ತದೇನಪಾ? ಬಹಳ ಮಂದಿಗೆ ವೀರ್ಯ ಹೊರಗ ಬರದೇ ಮೂತ್ರಚೀಲದ ಕಡಿ ಹೋಗ್ತದ, ತಾಕತ್ತು ಸಾಮಾನ್ಯವಾಗಿ ಹೋಗಂಗಿಲ್ಲ. ಇದನ್ನ ಮೊದ್ಲೇ ಅವ್ರಿಗೆ ಹೇಳ್ಸ್ರಿ. ತೆಗೆದ ತುಂಡು ಬಯಾಪ್ಸಿಗೆ ಹೋಗ್ತಾವ, ಏಕಿ ಚಲೋ ಆಯ್ತು ಅಂತ ಆ ರಿಪೋರ್ಟ್ ಇಸ್ಕೊಳ್ಳದೇ ಬಿಡಬ್ಯಾಡ್ರಿ.