ಹೆರಿಗೆ ಕೊಠಡಿಗೆ ಬಂದ ದಾನದ ಹಣವನ್ನು ಮೊದಲು ಯಾವುದಕ್ಕೆ ಖರ್ಚು ಮಾಡಬೇಕು?

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾದ ನೀವು, ದಾನಿಗಳು ಕೊಟ್ಟ ಹಣದಲ್ಲಿ ಹೆರಿಗೆ ಕೊಠಡಿಗೆ ಮಾನಿಟರುಗಳನ್ನು ಕೊಳ್ಳಬೇಕೋ, ಕೊಠಡಿಯನ್ನೇ ನವೀಕರಿಸಬೇಕೋ ಎಂದು ಕೇಳಿದ್ದೀರಿ. ಅಂಥದೇ ಒಂದು ಆಸ್ಪತ್ರೆಯಲ್ಲಿ ನಾನು ಶುಶ್ರೂಷಾಧಿಕಾರಿಯಾಗಿ ಹೆರಿಗೆ ಕೊಠಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಾಗ ನಮ್ಮ ಸಮಿತಿಯ ಮುಂದೆಯೂ ಇದೇ ಎರಡು ಆಯ್ಕೆಗಳಿದ್ದವು. ನಾವು ಎರಡನ್ನೂ ಮಾಡಿದೆವು. ಗೋಡೆಗೆ ಎದೆಮಟ್ಟದವರೆಗೆ ಬಿಳಿ ಟೈಲ್ಸ್ ಬಂತು, ಪ್ರತಿ ಮೇಜಿನ ಪಕ್ಕದಲ್ಲಿ ಮಾನಿಟರ್ ಬಂತು, ಉದ್ಘಾಟನೆಗೆ ಶಾಸಕರೂ ಬಂದರು. ಆ ಕೊಠಡಿಯಲ್ಲೇ, ಆ ಮಾನಿಟರಿನ ಎದುರಿಗೇ, ಚೊಚ್ಚಲ ಹೆರಿಗೆಯ ಒಬ್ಬ ಹೆಣ್ಣುಮಗಳು ಗರ್ಭಕೋಶ ಕಳೆದುಕೊಳ್ಳಲು ನಾನು ಕಾರಣಳಾದೆ.

ಹೆರಿಗೆ ಸುಸೂತ್ರವಾಗಿಯೇ ಆಗಿತ್ತು. ಮಗು ಹುಟ್ಟಿದ ಕೂಡಲೇ ಗರ್ಭಕೋಶ ಬಿಗಿದು ರಕ್ತ ನಿಲ್ಲಲೆಂದು 10 ಯೂನಿಟ್ ಆಕ್ಸಿಟೋಸಿನ್ ಚುಚ್ಚಿದ್ದೆವು, ಮಾಸು ಪೂರ್ತಿಯಾಗಿ ಬಿದ್ದಿತ್ತು, ಹೊಲಿಗೆ ಮುಗಿದಿತ್ತು. ಆಮೇಲೆ ರಕ್ತ ಹೋಗುವುದು ಸ್ವಲ್ಪ ಹೆಚ್ಚೆನಿಸಿ ಪ್ರಸೂತಿ ತಜ್ಞೆಗೆ ಫೋನ್ ಮಾಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, ರಕ್ತ ಎಷ್ಟು ಹೋಗಿದೆ ಎಂಬುದು. ‘ಸುಮಾರು 300 ಮಿಲಿಲೀಟರ್, ಮೇಡಂ’ ಎಂದೆ. 500 ದಾಟಿದರೆ ತಾನೇ ಅದು ಪ್ರಸವಾನಂತರದ ರಕ್ತಸ್ರಾವ? ಹಾಗಾದರೆ ಗಮನಿಸುತ್ತಿರಿ, ಹೆಚ್ಚಾದರೆ ತಿಳಿಸಿ ಎಂದು ಅವರು ಫೋನ್ ಇಟ್ಟರು. ಅವರದು ತಪ್ಪಲ್ಲ, ನಾನು ಕೊಟ್ಟ ಅಂಕಿಗೆ ಯಾವ ತಜ್ಞರೂ ಅದೇ ಉತ್ತರ ಕೊಡುತ್ತಿದ್ದರು.

ಆ 300 ಎಲ್ಲಿಂದ ಬಂತು ಎಂಬುದನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಿಮ್ಮ ಆಸ್ಪತ್ರೆಯ ಕೇಸ್ ಶೀಟುಗಳಲ್ಲೂ ಅದು ಇರುತ್ತದೆ. ನಾನು ಅಳೆದಿರಲಿಲ್ಲ. ವರ್ಷಗಟ್ಟಲೆ ಎಲ್ಲ ಸಹಜ ಹೆರಿಗೆಗಳಿಗೂ 200, 250, 300 ಎಂದು ಬರೆದು ಬರೆದು ಆ ಅಂಕಿ ಕೈಗೆ ಅಭ್ಯಾಸವಾಗಿತ್ತು. ಮೇಜಿನ ತುದಿಯ ಬಕೆಟ್ಟಿಗೆ ಬಿದ್ದ ರಕ್ತದಲ್ಲಿ ಗರ್ಭಜಲವೂ ಮೂತ್ರವೂ ಬೆರೆತಿದ್ದವು. ಉಳಿದದ್ದನ್ನು ಮನೆಯವರು ತಂದಿದ್ದ ಹಳೆಯ ಸೀರೆಯ ತುಂಡುಗಳು ಹೀರಿಕೊಂಡಿದ್ದವು. ಹಾಗೆ ನೆಂದ ಬಟ್ಟೆಗಳನ್ನು ಆಯಾ ಆಗಾಗ ಎತ್ತಿಕೊಂಡು ಹೋಗಿ ಹೊಸದನ್ನು ಹಾಸುತ್ತಿದ್ದುದರಿಂದ, ನಾನು ಪ್ರತಿ ಸಲ ನೋಡಿದಾಗಲೂ ಕಣ್ಣಿಗೆ ಬೀಳುತ್ತಿದ್ದುದು ಕೊನೆಯ ಬಟ್ಟೆಯ ಕಲೆ ಮಾತ್ರ, ಅದಕ್ಕೂ ಮೊದಲು ಹೋದದ್ದು ನನ್ನ ಲೆಕ್ಕಕ್ಕೇ ಸೇರಲಿಲ್ಲ. ‘ಸಿಸ್ಟರ್, ಬಟ್ಟೆಯೆಲ್ಲ ತೊಯ್ದುಹೋಗಿದೆ, ಒಮ್ಮೆ ನೋಡಿ’ ಎಂದು ಆಕೆಯ ಅತ್ತೆ ಹೇಳಿದ್ದರು. ಹೆರಿಗೆಯೆಂದ ಮೇಲೆ ಇದ್ದದ್ದೇ ಅಮ್ಮಾ ಎಂದು ಅವರನ್ನು ಹೊರಗೆ ಕಳಿಸಿದೆ. ಮಾನಿಟರ್ ರಕ್ತದೊತ್ತಡ 110/70 ಎಂದು ತೋರಿಸುತ್ತಿತ್ತು, ಅದನ್ನು ನೋಡಿ ಇನ್ನಷ್ಟು ಧೈರ್ಯ ತಂದುಕೊಂಡೆ. ಚಿಕ್ಕ ವಯಸ್ಸಿನ ಬಾಣಂತಿಯ ದೇಹ ಒಂದು ಲೀಟರ್ ರಕ್ತ ಹೋಗುವವರೆಗೂ ಒತ್ತಡವನ್ನು ಹೇಗೋ ಹಿಡಿದಿಟ್ಟುಕೊಳ್ಳುತ್ತದೆ, ಮೊದಲು ಏರುವುದು ನಾಡಿ. ಅದೇ ಪರದೆಯ ಮೇಲೆ ನಾಡಿ 118 ಇತ್ತು. ಹೆರಿಗೆಯ ಆಯಾಸ ಎಂದುಕೊಂಡೆ. ತಾಯಿ ಕಾರ್ಡಿನಲ್ಲಿ ಹಿಮೋಗ್ಲೋಬಿನ್ 8 ಎಂದು ಬರೆದಿತ್ತು, ಎಂದರೆ ಮೊದಲೇ ರಕ್ತಹೀನತೆಯಿತ್ತು, ಅಂಥವಳಿಗೆ ಇತರರು ತಡೆದುಕೊಳ್ಳುವಷ್ಟು ರಕ್ತ ಹೋಗುವುದೂ ಅಪಾಯವೆಂಬುದು ನನಗೆ ತಿಳಿಯದ್ದೇನಲ್ಲ.

ಒತ್ತಡ ಕುಸಿದ ಮೇಲೆ ಎಲ್ಲರೂ ಓಡಿದೆವು. 108ರಲ್ಲಿ ಜಿಲ್ಲಾ ಕೇಂದ್ರಕ್ಕೆ ಸಾಗಿಸಿದಾಗ ಗರ್ಭಕೋಶವನ್ನು ತೆಗೆಯದೆ ಬೇರೆ ದಾರಿ ಅಲ್ಲಿನವರಿಗೆ ಉಳಿದಿರಲಿಲ್ಲ. ತಾಯಿ, ಮಗು ಇಬ್ಬರೂ ಬದುಕಿದರು. ಆಕೆ ಬದುಕಿದಳೆಂಬ ಕಾರಣಕ್ಕೇ ನಮ್ಮಲ್ಲಿ ಯಾರೂ ಆ ಪ್ರಕರಣವನ್ನು ಪರಿಶೀಲಿಸಲಿಲ್ಲ. ಸತ್ತಿದ್ದರೆ ಸಮಿತಿ ಕೂಡುತ್ತಿತ್ತು, ಕಡತವಾಗುತ್ತಿತ್ತು. ಕೂದಲೆಳೆಯಲ್ಲಿ ಉಳಿದವರ ಪ್ರಕರಣಗಳಿಂದ ಕಲಿಯದ ಆಸ್ಪತ್ರೆಗೆ ಎಷ್ಟು ಯಂತ್ರ ಕೊಟ್ಟರೂ ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆನ್ನಬೇಕಾಗಿದೆ, ಬೇಸರ ಮಾಡಿಕೊಳ್ಳಬೇಡಿ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತಿವೆ. ಆದರೂ 2018-20ರ ಲೆಕ್ಕದಲ್ಲಿ ಒಂದು ಲಕ್ಷ ಜೀವಂತ ಜನನಗಳಿಗೆ 69 ತಾಯಂದಿರು ಇಲ್ಲಿ ಸತ್ತಿದ್ದರು, ಪಕ್ಕದ ಕೇರಳದಲ್ಲಿ 19. ಹೆಂಗಸರನ್ನು ಆಸ್ಪತ್ರೆಗೆ ಕರೆತರುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ಒಳಗೆ ಬಂದ ಮೇಲೆ ಏನಾಗುತ್ತದೆ ಎಂಬುದೇ ಈಗಿನ ಪ್ರಶ್ನೆ, ಮತ್ತು ಅದು ಟೈಲ್ಸಿನಿಂದ ಬಗೆಹರಿಯುವುದಿಲ್ಲ.

ರಕ್ತವನ್ನು ಅಳೆಯಿರಿ. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಹಾಸುವ, ಕೆಳತುದಿಯ ಚೀಲದಲ್ಲಿ ಅಳತೆಯ ಗೆರೆಗಳಿರುವ ಪ್ಲಾಸ್ಟಿಕ್ ಡ್ರೇಪ್ ಬರುತ್ತದೆ. ಇದರ ಒಂದು ಮಾದರಿಯನ್ನು ರೂಪಿಸಿ ಪರೀಕ್ಷಿಸಿದವರಲ್ಲಿ ನಮ್ಮ ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರೂ ಇದ್ದರು. ಡ್ರೇಪಿನ ಅಳತೆಗಿಂತ ಕಣ್ಣಂದಾಜು 33 ಶೇಕಡ ಕಡಿಮೆ ಇರುತ್ತದೆಂದು 2006ರಲ್ಲೇ ಅವರ ಅಧ್ಯಯನ ತೋರಿಸಿತ್ತು. ನಮ್ಮದೇ ರಾಜ್ಯದ ಈ ಮಾತು ನನ್ನ ಹೆರಿಗೆ ಕೊಠಡಿಗೆ ತಲುಪಿರಲಿಲ್ಲ. 2023ರಲ್ಲಿ ಪ್ರಕಟವಾದ ಇ-ಮೋಟಿವ್ ಅಧ್ಯಯನ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾಗಳ 80 ಆಸ್ಪತ್ರೆಗಳಲ್ಲಿ ನಡೆಯಿತು. ಡ್ರೇಪಿನಿಂದ ಅಳೆದು, ರಕ್ತಸ್ರಾವ ಕಂಡ ಕೂಡಲೇ ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲ, ಡ್ರಿಪ್, ರಕ್ತ ಎಲ್ಲಿಂದ ಹೋಗುತ್ತಿದೆ ಎಂಬ ಪರೀಕ್ಷೆ ಎಲ್ಲವನ್ನೂ ಒಂದೊಂದಾಗಿ ಕಾಯದೆ ಒಟ್ಟಿಗೆ ಮಾಡಿದ ಕಡೆ, ತೀವ್ರ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ಕೊಯ್ಯುವ ಶಸ್ತ್ರಚಿಕಿತ್ಸೆ ಮತ್ತು ಸಾವು ಒಟ್ಟಾರೆ 60 ಶೇಕಡ ತಗ್ಗಿದವು. ಹಿಂದಿನ ಪದ್ಧತಿಯಲ್ಲೇ ಮುಂದುವರಿದ ಆಸ್ಪತ್ರೆಗಳು ರಕ್ತಸ್ರಾವದ ಪ್ರಕರಣಗಳಲ್ಲಿ ಸುಮಾರು ಅರ್ಧದಷ್ಟನ್ನು ಗುರುತಿಸಿಯೇ ಇರಲಿಲ್ಲ. ಆ ಅರ್ಧದಲ್ಲಿ ನಾನೂ ಇದ್ದೆ ಎಂದುಕೊಳ್ಳಿ.

ಡ್ರೇಪ್ ಬರುವವರೆಗೂ ಸುಮ್ಮನಿರಬೇಕಾಗಿಲ್ಲ. ನಾವು ಆಮೇಲೆ ಅಡುಗೆಮನೆಯ ತೂಕದ ಯಂತ್ರವೊಂದನ್ನು ತಂದಿಟ್ಟು, ನೆಂದ ಬಟ್ಟೆಯ ತೂಕದಲ್ಲಿ ಒಣಬಟ್ಟೆಯ ತೂಕ ಕಳೆದು, ಒಂದು ಗ್ರಾಮಿಗೆ ಒಂದು ಮಿಲಿಲೀಟರ್ ಎಂದು ಬರೆಯತೊಡಗಿದೆವು. ತೂಗದೆ ಯಾವ ಬಟ್ಟೆಯನ್ನೂ ಹೊರಗೆ ಒಯ್ಯಬಾರದೆಂದು ಆಯಾಗೆ ಹೇಳಿದ್ದೇ ತಡ, ನಮಗಿಂತ ಮೊದಲು ಆಕೆಯೇ ಅಂಕಿ ಹೇಳಲಾರಂಭಿಸಿದಳು.

ಇನ್ನೊಂದು ಕೆಲಸಕ್ಕೆ ಹಣವೇ ಬೇಡ, ಆದರೆ ಅದನ್ನು ಮಾಡಿಸುವುದೇ ಕಷ್ಟ. 500 ದಾಟಿದರೆ, ಅಥವಾ 300 ದಾಟಿ ನಾಡಿಯಲ್ಲೋ ಒತ್ತಡದಲ್ಲೋ ಏರುಪೇರು ಕಂಡರೆ, ಕರ್ತವ್ಯದಲ್ಲಿರುವ ಸಿಸ್ಟರ್ ಯಾರ ಅಪ್ಪಣೆಗೂ ಕಾಯದೆ ಚಿಕಿತ್ಸೆ ಆರಂಭಿಸಬಹುದು, ತಜ್ಞರು ಫೋನಿನಲ್ಲಿ ಸಲಹೆ ಕೊಟ್ಟು ಸುಮ್ಮನಾಗದೆ ಬರಲೇಬೇಕು ಎಂದು ಆಡಳಿತ ವೈದ್ಯಾಧಿಕಾರಿಯ ಸಹಿಯಿರುವ ಆದೇಶವನ್ನು ಗೋಡೆಗೆ ಹಚ್ಚಿಸಿ. ಟ್ರಾನೆಕ್ಸಾಮಿಕ್ ಆಮ್ಲ ಹೆರಿಗೆಯಾದ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಉಪಯೋಗ, ಅದು ಕೂಡ ಬೇಗ ಕೊಟ್ಟಷ್ಟೂ ಹೆಚ್ಚು. ಆ ಹೊತ್ತನ್ನು ಫೋನ್ ಸಿಗುತ್ತಿಲ್ಲವೆಂದು ಕಳೆಯಬಾರದು.

ಹಣವನ್ನು ಡ್ರೇಪುಗಳಿಗೆ ಹಾಕಿ. ಆಕ್ಸಿಟೋಸಿನ್ 2ರಿಂದ 8 ಡಿಗ್ರಿಯಲ್ಲಿರಬೇಕಾದ ಔಷಧ, ಕರೆಂಟ್ ಹೋದರೂ ತಣ್ಣಗಿರುವ ಫ್ರಿಜ್ ಅದಕ್ಕೆ ಬೇಕು. ರಕ್ತ ಶೇಖರಣಾ ಘಟಕ ನಿಮ್ಮಲ್ಲಿಲ್ಲದಿದ್ದರೆ ಅದರ ಪರವಾನಗಿಗೆ ಓಡಾಡಿ. ಇಷ್ಟೆಲ್ಲ ಆಗಿ ಹಣ ಉಳಿದರೆ ಟೈಲ್ಸ್ ಹಾಕಿಸಿ, ನನ್ನ ಅಡ್ಡಿಯಿಲ್ಲ. ದಾನಿಗಳಿಗೆ ಶಿಲಾಫಲಕ ಬೇಕೇ ಬೇಕೆಂದರೆ ಫ್ರಿಜ್ಜಿನ ಬಾಗಿಲ ಮೇಲೆ ಹೆಸರು ಬರೆಸಿಕೊಡಿ. ಹೆರಿಗೆಗೊಮ್ಮೆ ಅದನ್ನು ತೆರೆಯುತ್ತಾರೆ, ಗೋಡೆಯ ಕಲ್ಲನ್ನು ಓದುವವರಿಗಿಂತ ಅದನ್ನು ಓದುವವರೇ ಹೆಚ್ಚಾಗುತ್ತಾರೆ.